ಹಳೇ ಪೇಟೆಯ ಫಲಕವಿಲ್ಲದ ಮಂಡಕ್ಕಿ ಅಂಗಡಿ ಮತ್ತು ವಾರಕ್ಕೊಂದು ಸಂಜೆ

ಪರಊರಿನಿಂದ ದಾವಣಗೆರೆಗೆ ಬಂದವರು ಬೆಣ್ಣೆ ದೋಸೆಯ ಹೋಟೆಲು ಎಲ್ಲಿದೆ ಎಂದು ಕೇಳುತ್ತಾರೆ. ಊರಿನವರಿಗಾದರೋ ಹೊತ್ತು ಇಳಿಯಿತೆಂದರೆ ನೆನಪಾಗುವುದು ಮಂಡಕ್ಕಿ ಮತ್ತು ಮೆಣಸಿನಕಾಯಿ. ಬೆಣ್ಣೆ ದೋಸೆಯ ಬಗ್ಗೆ ಬರೆದವರು ಬಹಳ ಜನ ಇದ್ದಾರೆ. ಮಂಡಕ್ಕಿ ಅಂಗಡಿಗಳ ಬಗ್ಗೆ ಅಷ್ಟು ಶ್ರದ್ಧೆಯಿಂದ ಬರೆದವರು ಕಡಿಮೆ. ಹಳೇ ಪೇಟೆಯಲ್ಲಿ, ಚೌಕಿಪೇಟೆಯ ಕಡೆಯಿಂದ ಒಳಕ್ಕೆ ತಿರುಗುವ ಒಂದು ಓಣಿಯಲ್ಲಿ, ಹೆಸರಿನ ಫಲಕವೇ ಇಲ್ಲದ ಒಂದು ಅಂಗಡಿ ಇದೆ. ಅದರ ತಿಂಡಿ, ಎಣ್ಣೆ, ಬೆಲೆ, ಕೂರುವ ಜಾಗ ಇವುಗಳನ್ನು ವಿಮರ್ಶಿಸುವುದು ಈ ಬರಹದ ಉದ್ದೇಶ. ಅದರ ಜೊತೆಗೆ, ಸಂತೋಷವನ್ನು ದಿನದಿನದ ಬದುಕಿನಲ್ಲಿ ಹುಡುಕಿ ಆರಿಸಿಕೊಳ್ಳಬಹುದೇ ಎಂಬ ಪ್ರಶ್ನೆಗೆ ಈ ಅಂಗಡಿ ನಮ್ಮ ಮನೆಗೆ ಕೊಟ್ಟಿರುವ ಉತ್ತರವನ್ನೂ ಹೇಳಬೇಕಾಗಿದೆ, ಏಕೆಂದರೆ ನನ್ನ ಮಟ್ಟಿಗೆ ಈ ಎರಡು ವಿಷಯಗಳು ಬೇರೆ ಬೇರೆಯಾಗಿ ಉಳಿದಿಲ್ಲ.

ಅಂಗಡಿ ಎಂದರೆ ಒಂದೇ ಅಂಕಣದ ಹಳೆಯ ಮನೆಯ ಮುಂಭಾಗ. ಎದುರಿಗೆ ಒಲೆ ಮತ್ತು ಬಾಣಲೆ, ಪಕ್ಕದಲ್ಲಿ ಮಂಡಕ್ಕಿ ಕಲಸುವ ಅಗಲವಾದ ಪಾತ್ರೆ, ಒಳಗೆ ಗೋಡೆಗುಂಟ ಉದ್ದನೆಯ ಮರದ ಬೆಂಚುಗಳು. ವಯಸ್ಸಾದ ಯಜಮಾನರು ಬಾಣಲೆಯ ಮುಂದೆ ನಿಲ್ಲುತ್ತಾರೆ, ಅವರ ಶ್ರೀಮತಿಯವರು ಮಂಡಕ್ಕಿ ಕಲಸುತ್ತಾರೆ, ಮಗ ತಟ್ಟೆ ಹಂಚಿ ದುಡ್ಡು ತೆಗೆದುಕೊಳ್ಳುತ್ತಾನೆ. ಸಿಗುವುದು ಇಷ್ಟೇ: ನರ್ಗಿಸ್ ಮಂಡಕ್ಕಿ, ಖಾರ ಮಂಡಕ್ಕಿ, ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಕೊನೆಗೆ ಬೇಕೆಂದವರಿಗೆ ಚಹಾ ಅಥವಾ ಮಜ್ಜಿಗೆ. ಗೋಬಿ, ನೂಡಲ್ಸ್ ಮುಂತಾದವನ್ನು ಸೇರಿಸಿ ವ್ಯಾಪಾರ ಹೆಚ್ಚಿಸಿಕೊಳ್ಳಬಹುದಿತ್ತು, ಅವರು ಸೇರಿಸಿಲ್ಲ. ಪಟ್ಟಿ ಚಿಕ್ಕದಾಗಿರುವುದರಿಂದ ಒಳಗೆ ಬಂದವರು ಏನು ತಿನ್ನಬೇಕೆಂದು ತಲೆ ಕೆಡಿಸಿಕೊಳ್ಳುವುದಿಲ್ಲ, ಬೆಂಚಿನ ಮೇಲೆ ಕೂತು ನೇರವಾಗಿ ಮಾತಿಗೆ ಇಳಿಯುತ್ತಾರೆ. ಈ ಅಂಗಡಿಯ ಮೊದಲ ಗುಣವಾಗಿ ನಾನು ಎಣಿಸುವುದು ಇದನ್ನೇ.

ಮಂಡಕ್ಕಿಯ ವಿಷಯಕ್ಕೆ ಬಂದರೆ, ದಾವಣಗೆರೆಯವರಿಗೆ ಅದು ದೂರದಿಂದ ಬರುವ ಪದಾರ್ಥವಲ್ಲ. ಭದ್ರಾ ನಾಲೆಯ ನೀರು ಹರಿಯುವ ಸುತ್ತಲಿನ ಹಳ್ಳಿಗಳಲ್ಲಿ ಬತ್ತ ಬೆಳೆಯುತ್ತದೆ, ಊರಿನಲ್ಲಿಯೇ ಮಂಡಕ್ಕಿ ಭಟ್ಟಿಗಳ ಒಂದು ಪ್ರದೇಶವಿದೆ. ಬತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ, ಗಿರಣಿಯಲ್ಲಿ ಅಕ್ಕಿ ಮಾಡಿಸಿ, ಆ ಅಕ್ಕಿಗೆ ಉಪ್ಪುನೀರು ಹಿಡಿಸಿ, ಕಾದ ಮರಳಿನಲ್ಲಿ ಹುರಿದಾಗ ಅದು ಕೆಲವೇ ಕ್ಷಣಗಳಲ್ಲಿ ಅರಳುತ್ತದೆ. ಅಕ್ಕಿಯೊಳಗೆ ಉಳಿದಿರುವ ತೇವ ಒಮ್ಮೆಗೇ ಆವಿಯಾಗಿ ಹೊರನುಗ್ಗುವುದರಿಂದ ಕಾಳು ಉಬ್ಬುತ್ತದೆ. ತೇವ ಹೆಚ್ಚಾದರೂ ಕಡಿಮೆಯಾದರೂ ಕಾಳು ಸರಿಯಾಗಿ ಅರಳದೆ ಗಟ್ಟಿಯಾಗುತ್ತದೆ. ಅರಳಿದ ಮಂಡಕ್ಕಿ ಗಾಳಿಯ ತೇವವನ್ನು ಬೇಗನೆ ಹೀರಿಕೊಳ್ಳುವುದರಿಂದ, ಬೆಳಿಗ್ಗೆ ಬಿಚ್ಚಿದ ಚೀಲದ ಮಂಡಕ್ಕಿ ಸಂಜೆಗೆ ಮೆತ್ತಗಾಗಿರುತ್ತದೆ. ಈ ಅಂಗಡಿಯಲ್ಲಿ ಚೀಲವನ್ನು ಸಂಜೆಯ ವ್ಯಾಪಾರಕ್ಕೆ ಸ್ವಲ್ಪ ಮುಂಚೆಯಷ್ಟೇ ಬಿಚ್ಚುತ್ತಾರೆ, ಬೇಕಾದಷ್ಟನ್ನು ಮುಚ್ಚಳವಿರುವ ಡಬ್ಬಿಗೆ ತುಂಬುತ್ತಾರೆ, ಗಿರಾಕಿ ಕೇಳಿದ ಮೇಲಷ್ಟೇ ಕಲಸುತ್ತಾರೆ. ನರ್ಗಿಸ್ ಮಂಡಕ್ಕಿಗೆ ಪುಟಾಣಿ ಹಿಟ್ಟು, ಸಣ್ಣಗೆ ಹೆಚ್ಚಿದ ಈರುಳ್ಳಿ, ಟೊಮೆಟೊ, ಕೊತ್ತಂಬರಿ, ಹಸಿಮೆಣಸಿನಕಾಯಿಯ ಖಾರ, ಎಣ್ಣೆ, ಮೇಲೆ ನಿಂಬೆಹುಳಿ. ಹಿಟ್ಟು ಕಾಳಿಗೆ ಅಂಟಿಕೊಂಡಿರಬೇಕು, ತಟ್ಟೆಯ ತಳದಲ್ಲಿ ಉದುರಿ ಉಳಿಯಬಾರದು, ಇಲ್ಲಿ ಉಳಿಯುವುದಿಲ್ಲ. ಖಾರ ಮಂಡಕ್ಕಿಯಲ್ಲಿ ಬೆಳ್ಳುಳ್ಳಿ ಮತ್ತು ಕರಿಬೇವನ್ನು ಗರಿಗರಿಯಾಗುವ ತನಕ ಬಾಡಿಸಿರುತ್ತಾರೆ, ಶೇಂಗಾ ಧಾರಾಳವಾಗಿರುತ್ತದೆ. ಒಗ್ಗರಣೆ ಮಂಡಕ್ಕಿ ಸಾಧಾರಣ. ಅದು ಮನೆಯಲ್ಲಿ ಮಾಡಿದಾಗಲೇ ರುಚಿ ಹೆಚ್ಚು.

ಮೆಣಸಿನಕಾಯಿಯೇ ಈ ಅಂಗಡಿಯ ನಿಜವಾದ ಹೆಗ್ಗಳಿಕೆ. ಉದ್ದನೆಯ ತಿಳಿಹಸಿರು ಕಾಯಿಯನ್ನು ಸೀಳಿ, ಒಳಗೆ ಉಪ್ಪು, ಜೀರಿಗೆ ಮತ್ತು ಓಮದ ಮಿಶ್ರಣವನ್ನು ಸವರಿ, ಕಡಲೆಹಿಟ್ಟಿನಲ್ಲಿ ಅದ್ದಿ ಬಿಡುತ್ತಾರೆ. ಹಿಟ್ಟಿನ ಪದರ ತೆಳುವಾಗಿರುವುದರಿಂದ ಕಾಯಿ ಒಳಗೆ ಹಸಿಯಾಗಿ ಉಳಿಯದೆ ಬೇಯುತ್ತದೆ. ಎಣ್ಣೆಯ ಬಗ್ಗೆ ನಾನು ಹೆಚ್ಚು ಗಮನ ಕೊಡುತ್ತೇನೆ. ಎಷ್ಟೋ ಕಡೆ ಒಂದೇ ಎಣ್ಣೆಯನ್ನು ಕಪ್ಪಾಗುವವರೆಗೆ ಕಾಯಿಸುತ್ತಾರೆ. ಪದೇಪದೇ ಕಾದ ಎಣ್ಣೆಯಲ್ಲಿ ಹೆಚ್ಚುವ ಧ್ರುವೀಯ ಸಂಯುಕ್ತಗಳು, ಎಂದರೆ ಎಣ್ಣೆ ಕೆಡುತ್ತಾ ಹುಟ್ಟುವ ರಾಸಾಯನಿಕಗಳು, 25 ಶೇಕಡಾ ಮೀರಿದರೆ ಆ ಎಣ್ಣೆಯನ್ನು ಅಡುಗೆಗೆ ಬಳಸಬಾರದೆಂಬ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಕಣ್ಣಳತೆಯಿಂದ ಅದನ್ನು ಅಳೆಯಲಾಗದಿದ್ದರೂ ಎಣ್ಣೆಯ ಬಣ್ಣ, ನೊರೆ ಮತ್ತು ಹೊಗೆ ಸಾಕಷ್ಟನ್ನು ಹೇಳುತ್ತವೆ. ಇಲ್ಲಿನ ಬಾಣಲೆಯ ತಳ ಕಾಣುತ್ತದೆ, ತಿಂದ ಮೇಲೆ ಗಂಟಲು ಕೆರೆಯುವುದಿಲ್ಲ. ತಿಂಡಿಯನ್ನು ಸ್ಟೀಲ್ ತಟ್ಟೆಯಲ್ಲಿ ಕೊಡುತ್ತಾರೆ, ಹಳೆಯ ಪತ್ರಿಕೆಯ ಹಾಳೆಯಲ್ಲಿ ಕೊಡುವುದಿಲ್ಲ. ಪತ್ರಿಕೆಯ ಶಾಯಿ ಬಿಸಿ ಎಣ್ಣೆಯ ತಿಂಡಿಗೆ ಅಂಟುವುದು ಆರೋಗ್ಯಕ್ಕೆ ಹಾನಿಕರವೆಂದು ಅದೇ ಪ್ರಾಧಿಕಾರ 2016ರಲ್ಲಿಯೇ ಎಚ್ಚರಿಸಿದ್ದರೂ ಆ ರೂಢಿ ನಮ್ಮ ಕಡೆ ಇನ್ನೂ ಹೋಗಿಲ್ಲ.

ಮೆಣಸಿನಕಾಯಿಯ ಖಾರದಿಂದ ನನಗೆ ಬೇರೊಂದು ಉಪಕಾರವೂ ಆಗಿದೆ. ನಾನು ಪದವಿ ಕಾಲೇಜಿನಲ್ಲಿ ಮನೋವಿಜ್ಞಾನ ಪಾಠ ಮಾಡುವವಳು. 2010ರಲ್ಲಿ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್ ಪ್ರಕಟಿಸಿದ ಒಂದು ಅಧ್ಯಯನವನ್ನು ವಿದ್ಯಾರ್ಥಿಗಳಿಗೆ ಹೇಳುತ್ತಿರುತ್ತೇನೆ. ಅವರು 2,250 ಜನರ ಫೋನಿಗೆ ದಿನದಲ್ಲಿ ಅನಿರೀಕ್ಷಿತ ಹೊತ್ತಿನಲ್ಲಿ ಪ್ರಶ್ನೆ ಕಳುಹಿಸಿ, ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಎಲ್ಲಿದೆ, ಹೇಗನಿಸುತ್ತಿದೆ ಎಂದು ಕೇಳಿದ್ದರು. ಸುಮಾರು 47 ಶೇಕಡಾ ಸಂದರ್ಭಗಳಲ್ಲಿ ಜನರ ಮನಸ್ಸು ಕೈಯಲ್ಲಿದ್ದ ಕೆಲಸದ ಮೇಲೆ ಇರಲಿಲ್ಲ. ಹಾಗೆ ಅಲೆದಾಡುತ್ತಿದ್ದ ಹೊತ್ತಿನಲ್ಲಿ ಅವರ ಸಂತೋಷವೂ ಕಡಿಮೆಯಿತ್ತು. ಮಾಡುತ್ತಿರುವ ಕೆಲಸ ಯಾವುದು ಎಂಬುದಕ್ಕಿಂತ ಮನಸ್ಸು ಎಲ್ಲಿದೆ ಎಂಬುದೇ ಅವರ ಸಂತೋಷವನ್ನು ಹೆಚ್ಚು ಚೆನ್ನಾಗಿ ತಿಳಿಸುತ್ತಿತ್ತು. ಬಿಸಿ ಮೆಣಸಿನಕಾಯಿಯನ್ನು ಕಚ್ಚಿದವರ ಮನಸ್ಸು ಬೇರೆಲ್ಲಿಗೂ ಹೋಗಲಾರದು. ನಾಲಿಗೆ ಉರಿಯುತ್ತದೆ, ಕಣ್ಣಲ್ಲಿ ನೀರು ಬರುತ್ತದೆ, ಕಾಲೇಜಿನ ಮೌಲ್ಯಮಾಪನ, ಮನೆಯ ಸಾಲದ ಕಂತು, ಮಗಳ ಪ್ರವೇಶ ಪರೀಕ್ಷೆ ಎಲ್ಲವೂ ಸ್ವಲ್ಪ ಹೊತ್ತು ದೂರ ಸರಿದು ನಿಲ್ಲುತ್ತವೆ. ಉರಿ ತಡೆಯಲಾಗದವರು ನೀರಿಗೆ ಕೈ ಹಾಕಬಾರದು. ಖಾರದ ಅಂಶ ನೀರಿನಲ್ಲಿ ಕರಗುವುದಿಲ್ಲ. ಮಜ್ಜಿಗೆ ತೆಗೆದುಕೊಳ್ಳುವುದು ಉತ್ತಮ.

ಈ ಅಂಗಡಿಗೆ ನಾವು ಶನಿವಾರ ಸಂಜೆ ಹೋಗುತ್ತೇವೆ: ನಾನು, ನಮ್ಮ ಮನೆಯವರು, ಅತ್ತೆಯವರು, ರಜೆಗೆ ಬಂದಿದ್ದರೆ ಮಗಳು. ಇದನ್ನು ಆರಂಭಿಸಿದವರು ಅತ್ತೆಯವರು. ನಮ್ಮ ಮಾವನವರು ಹತ್ತಿ ಗಿರಣಿಯಲ್ಲಿ ಕೆಲಸ ಮಾಡಿದವರು. ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಆ ದಿನಗಳಲ್ಲಿ ಪಗಾರದ ದಿನ ಅವರು ಮನೆಗೆ ತರುತ್ತಿದ್ದುದು ಮಂಡಕ್ಕಿಯ ಪೊಟ್ಟಣ. ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಮಾವನವರೂ ಹೋದರು. ಆಮೇಲೆ ಅತ್ತೆಯವರು ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟಿದ್ದರು. ಒಂದು ಸಂಜೆ ಅವರೇ ಬಾಯಿಬಿಟ್ಟು, "ಏನವ್ವಾ, ಪೇಟೆ ಕಡೆ ಹೋಗಿ ಮಂಡಕ್ಕಿ ತಿಂದ್ ಬರೋಣಲ್ಲಾ" ಎಂದರು. ನಾವು ತಡಮಾಡದೆ ಹೊರಟೆವು. ಅಂಗಡಿಯ ಯಜಮಾನರು ಈಗ ಅವರನ್ನು ಕಂಡ ಕೂಡಲೇ "ಬರ್ರಿ ಅಕ್ಕಾರ, ಕುತ್ಕೊಳ್ರಿ, ನಿಮಗ್ ಖಾರ ಕಮ್ಮಿ ಹಾಕ್ತೀನಿ" ಎನ್ನುತ್ತಾರೆ. ಅವರಿಗೆಂದು ತೆಗೆದಿಡುವ ಮೆಣಸಿನಕಾಯಿಯ ಬೀಜವನ್ನು ಮೊದಲೇ ಕೆರೆದಿರುತ್ತಾರೆ. ಇಂಥ ಗಮನ ಬೆಲೆಪಟ್ಟಿಯಲ್ಲಿ ಬರುವುದಿಲ್ಲ, ಆದರೆ ಸೇವೆಯನ್ನು ಅಳೆಯುವಾಗ ಇದನ್ನು ಬಿಟ್ಟು ಬರೆಯುವುದು ನನ್ನಿಂದ ಸಾಧ್ಯವಿಲ್ಲ.

ಬೆಂಚುಗಳು ಉದ್ದವಾಗಿರುವುದರಿಂದ ಯಾರ ಪಕ್ಕದಲ್ಲಾದರೂ ಕೂರಬೇಕಾಗುತ್ತದೆ. ಮಂಡಿಪೇಟೆಯ ಅಂಗಡಿಗಳ ಗುಮಾಸ್ತರು, ಆಸ್ಪತ್ರೆಗೆ ಬಂದು ಊರಿಗೆ ಮರಳುವ ಮುಂಚೆ ಹೊಟ್ಟೆಗೆ ಏನಾದರೂ ಹಾಕಿಕೊಳ್ಳಲು ಬಂದ ಹಳ್ಳಿಯವರು, ಎಂಜಿನಿಯರಿಂಗ್ ಓದುವ ಹುಡುಗರು ಎಲ್ಲರೂ ಒಂದೇ ಸಾಲಿನಲ್ಲಿ. "ಸ್ವಲ್ಪ ಸರೀರಿ" ಎಂಬಲ್ಲಿಂದ ಮಾತು ಶುರುವಾಗಿ ನಾಲೆಗೆ ನೀರು ಬಿಟ್ಟರೇ ಎಂಬಲ್ಲಿಗೆ ಹೋಗುತ್ತದೆ. 2025ರ ಜಾಗತಿಕ ಸಂತೋಷ ವರದಿಯಲ್ಲಿ ಜೊತೆಯಾಗಿ ಉಣ್ಣುವುದರ ಬಗ್ಗೆಯೇ ಒಂದು ಅಧ್ಯಾಯವಿದೆ: ಇತರರೊಂದಿಗೆ ಹೆಚ್ಚು ಬಾರಿ ಊಟ ಮಾಡುವವರು ತಮ್ಮ ಬದುಕಿನ ಬಗ್ಗೆ ಹೆಚ್ಚು ತೃಪ್ತಿ ಹೇಳಿಕೊಳ್ಳುತ್ತಾರೆ. ಅಮೆರಿಕದಲ್ಲಿ 2023ರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರು ಹಿಂದಿನ ದಿನದ ಎಲ್ಲ ಊಟವನ್ನೂ ಒಬ್ಬರೇ ಮಾಡಿದ್ದರೆಂದೂ, 2003ರಿಂದ ಆ ಸಂಖ್ಯೆ 53 ಶೇಕಡಾ ಏರಿದೆಯೆಂದೂ ಅಲ್ಲಿ ದಾಖಲಾಗಿದೆ. ಜೊತೆಯಾಗಿ ಉಣ್ಣುವುದರಿಂದ ಸಂತೋಷ ಬರುತ್ತದೆಯೋ, ಸಂತೋಷವಾಗಿರುವವರು ಜೊತೆ ಹುಡುಕುತ್ತಾರೋ ಎಂಬುದನ್ನು ಅಂಕಿಗಳಿಂದಷ್ಟೇ ಬಿಡಿಸಲಾಗದು. ಆದರೆ ಮನೆಯಲ್ಲಿ ಟಿವಿಯ ಮುಂದೆ ತಟ್ಟೆ ಹಿಡಿದು ಕೂರುತ್ತಿದ್ದ ಅತ್ತೆಯವರು ಇಲ್ಲಿ ಪಕ್ಕದವರ ಊರು, ಮಕ್ಕಳು, ಮಳೆ ಬೆಳೆ ವಿಚಾರಿಸುತ್ತಾ ಕೂರುವುದನ್ನು ನಾನು ವಾರವಾರವೂ ನೋಡುತ್ತಿದ್ದೇನೆ.

ಇಷ್ಟು ಇಷ್ಟವಾಗಿದ್ದರೆ ದಿನವೂ ಏಕೆ ಹೋಗಬಾರದು ಎಂದು ಮಗಳು ಕೇಳಿದ್ದಳು. ಅದು ಸರಿಯಾದ ಪ್ರಶ್ನೆ, ಸಂತೋಷದ ಅಧ್ಯಯನಗಳೂ ಅದಕ್ಕೆ ಒಂದೇ ದಿಕ್ಕಿನ ಉತ್ತರ ಕೊಡುವುದಿಲ್ಲ. 1978ರಲ್ಲಿ ಫಿಲಿಪ್ ಬ್ರಿಕ್‌ಮನ್ ಮತ್ತು ಜೊತೆಗಾರರು ದೊಡ್ಡ ಮೊತ್ತದ ಲಾಟರಿ ಗೆದ್ದ 22 ಜನರನ್ನು ಮಾತನಾಡಿಸಿದಾಗ, ಗೆದ್ದವರು ಇತರರಿಗಿಂತ ಗಮನಾರ್ಹವಾಗಿ ಹೆಚ್ಚು ಸಂತೋಷವಾಗಿರಲಿಲ್ಲ; ಅಷ್ಟೇ ಅಲ್ಲ, ಸ್ನೇಹಿತರೊಡನೆ ಹರಟುವುದು, ಬೆಳಗಿನ ತಿಂಡಿ ತಿನ್ನುವುದು ಮುಂತಾದ ಸಣ್ಣ ಸಂಗತಿಗಳಿಂದ ಅವರಿಗೆ ಸಿಗುತ್ತಿದ್ದ ಸುಖ ಉಳಿದವರಿಗಿಂತ ಕಡಿಮೆಯಿತ್ತು. ಚಿಕ್ಕ ಅಧ್ಯಯನವಾದರೂ ಅದರ ಈ ಭಾಗ ನನ್ನನ್ನು ಬಹಳ ಕಾಡಿದೆ. ದೊಡ್ಡದನ್ನು ಕಾಯುತ್ತಾ ಕೂತರೆ ಕೈಯಲ್ಲಿದ್ದ ಚಿಕ್ಕದರ ರುಚಿ ಹೋಗಬಹುದು ಎಂಬ ಭಯ ಅದರಿಂದ ಹುಟ್ಟುತ್ತದೆ. ಎಡ್ ಡೀನರ್ ಮತ್ತು ಸಂಗಡಿಗರು 1991ರಲ್ಲಿ ಹೇಳಿದ ಪ್ರಕಾರ, ಒಬ್ಬರ ಸಂತೋಷವನ್ನು ನಿರ್ಧರಿಸುವುದು ಒಳ್ಳೆಯ ಕ್ಷಣಗಳ ತೀವ್ರತೆಗಿಂತ ಅವು ಎಷ್ಟು ಸಲ ಬರುತ್ತವೆ ಎಂಬುದು. ಅದನ್ನು ಓದಿದರೆ ದಿನವೂ ಮಂಡಕ್ಕಿ ತಿನ್ನಬೇಕೆನಿಸುತ್ತದೆ. ಆದರೆ 2013ರಲ್ಲಿ ಜೋರ್ಡಿ ಕ್ವಾಡ್‌ಬಾಕ್ ಮತ್ತು ಎಲಿಜಬೆತ್ ಡನ್ ಒಂದು ಪ್ರಯೋಗ ಪ್ರಕಟಿಸಿದರು: ಒಂದು ವಾರ ಚಾಕೊಲೇಟ್ ಬಿಟ್ಟಿದ್ದವರು, ಬೇಕಾದಷ್ಟು ತಿಂದವರಿಗಿಂತ ಹೆಚ್ಚಾಗಿ ಮುಂದಿನ ವಾರದ ಚಾಕೊಲೇಟನ್ನು ಸವಿದರು.

ಎರಡನ್ನೂ ಕೂಡಿಸಿ ನಾವು ಮಾಡಿಕೊಂಡಿರುವ ಏರ್ಪಾಡು ಹೀಗಿದೆ. ಮಂಡಕ್ಕಿ ವಾರಕ್ಕೆ ಒಂದೇ ಸಂಜೆ, ನಡುವೆ ಎಷ್ಟೇ ಆಸೆಯಾದರೂ ಇಲ್ಲ. ಉಳಿದ ದಿನಗಳಿಗೆ ಬೇರೆ ಸಣ್ಣ ಸಂಗತಿಗಳಿವೆ: ಕುಂದುವಾಡ ಕೆರೆಯ ಏರಿಯ ಮೇಲೆ ಬೆಳಗಿನ ನಡಿಗೆ, ರಾತ್ರಿ ಊಟದ ಮೇಲೆ ಮಹಡಿಯ ಮೇಲೆ ಹತ್ತು ನಿಮಿಷ, ಬುಧವಾರ ಅಕ್ಕನ ಜೊತೆ ಫೋನಿನ ಮಾತು. ಇವು ತಾವಾಗಿಯೇ ಒದಗಿ ಬರುವುದಿಲ್ಲ. ಶನಿವಾರ ಸಂಜೆ ಎಂದರೆ ನೆಂಟರ ಮನೆಯ ಕಾರ್ಯ, ಕಾಲೇಜಿನ ಸಭೆ, ಸುಸ್ತು, ಮಳೆ ಎಲ್ಲವೂ ಅಡ್ಡ ಬರುತ್ತವೆ. ಮೊದಲೇ ದಿನ ಮತ್ತು ಹೊತ್ತು ಗೊತ್ತು ಮಾಡಿಕೊಂಡಿರುವುದರಿಂದಲೇ ಅದು ಉಳಿದಿದೆ. "ಇವತ್ತು ಬೇಡ, ನಾಳೆ ನೋಡೋಣ" ಎಂಬ ಮಾತು ಬಂದಾಗ ಅತ್ತೆಯವರು ಆಗಲೇ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿರುತ್ತಾರೆ. ನಾನು ಆಯ್ಕೆ ಎನ್ನುವುದು ಇದನ್ನೇ: ಮನಸ್ಸು ಹೇಗಿದ್ದರೂ ಹೊರಡುವ ತೀರ್ಮಾನವನ್ನು ಮುಂಚೆಯೇ ಮಾಡಿಟ್ಟಿರುವುದು. ಮನಸ್ಸು ಚೆನ್ನಾಗಿದ್ದಾಗ ಮಾತ್ರ ಹೋಗುತ್ತೇವೆ ಎಂದುಕೊಂಡಿದ್ದರೆ ಅತ್ತೆಯವರು ಇಂದಿಗೂ ಮನೆಯಲ್ಲಿಯೇ ಇರುತ್ತಿದ್ದರು.

ಇದಕ್ಕೆ ಒಂದು ಮಿತಿಯಿದೆ, ಅದನ್ನು ಸ್ಪಷ್ಟವಾಗಿ ಹೇಳಲೇಬೇಕು. ವಾರಗಟ್ಟಲೆ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ನಿದ್ರೆ ಹಸಿವು ಕೆಡುವುದು, ಬದುಕೇ ಬೇಡವೆನಿಸುವುದು ಖಿನ್ನತೆಯ ಲಕ್ಷಣಗಳು. ಅವುಗಳಿಗೆ ಬೇಕಾದುದು ವೈದ್ಯರ ನೆರವು. ಸಂತೋಷವನ್ನು ನೀವೇ ಆರಿಸಿಕೊಳ್ಳಿ ಎಂದು ಅಂಥವರಿಗೆ ಉಪದೇಶ ಮಾಡುವುದು ಕ್ರೂರವಾದ ಮಾತಾಗುತ್ತದೆ. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು.

ಇನ್ನೊಂದು ವಿಷಯವೂ ಮನಸ್ಸಿನಲ್ಲಿ ಇರಬೇಕು. ನಾವು ಕೆಲವೇ ರೂಪಾಯಿಗೆ ಪಡೆಯುವ ಈ ತಿಂಡಿಯ ಹಿಂದೆ ಭಟ್ಟಿಯ ಶಾಖ ಮತ್ತು ಹೊಗೆಯ ನಡುವೆ ಮರಳು ತಿರುವುವವರ ದುಡಿಮೆ ಇದೆ. ನಮ್ಮ ವಿದ್ಯಾರ್ಥಿಗಳಲ್ಲಿ ಅಂಥ ಮನೆಗಳಿಂದ ಬಂದವರೂ ಇದ್ದಾರೆ. ಹೊಗೆ ಕಡಿಮೆ ಮಾಡುವ ಒಲೆಗಳು ಎಲ್ಲ ಭಟ್ಟಿಗಳಿಗೂ ಬರಬೇಕು, ಅದರ ಖರ್ಚಿಗಾಗಿ ಮಂಡಕ್ಕಿಯ ಬೆಲೆ ಒಂದಿಷ್ಟು ಏರಿದರೆ ಕೊಡಲು ನಾವು ಸಿದ್ಧರಿರಬೇಕು ಎಂಬುದು ನನ್ನ ಅಭಿಪ್ರಾಯ. ಅಂಗಡಿಯ ಯಜಮಾನರಿಗೂ ಇದನ್ನು ಹೇಳಿದ್ದೇನೆ. ಅವರ ಅಣ್ಣನೂ ಭಟ್ಟಿಯಲ್ಲಿ ದುಡಿದವರಂತೆ, ತಲೆಯಾಡಿಸಿ "ಖರೇ ಐತ್ರಿ" ಎಂದರು.

ಈಗ ಕೊರತೆಗಳು. ಕೈ ತೊಳೆಯಲು ಇರುವುದು ಹೊರಗಿನ ಒಂದೇ ನಲ್ಲಿ, ಅದರ ಸುತ್ತ ಕೆಸರು. ಬೇಸಿಗೆಯಲ್ಲಿ ಒಳಗೆ ಸೆಕೆ ವಿಪರೀತ. ಒಂದು ಫ್ಯಾನು ಒಲೆಯ ಶಾಖದ ಎದುರು ಏನೂ ಮಾಡಲಾರದು. ಬೆಂಚುಗಳಿಗೆ ಒರಗು ಇಲ್ಲದಿರುವುದರಿಂದ ಬೆನ್ನುನೋವಿರುವ ಹಿರಿಯರಿಗೆ ಹೆಚ್ಚು ಹೊತ್ತು ಕೂರುವುದು ಕಷ್ಟ. ಅತ್ತೆಯವರು ಗೋಡೆಯ ಕಡೆಯ ಮೂಲೆಯನ್ನೇ ಹಿಡಿಯುತ್ತಾರೆ. ಚಹಾ ಬಹಳ ಸಿಹಿ, ಸಕ್ಕರೆ ಕಡಿಮೆ ಹಾಕಿ ಎಂದರೂ ಹೆಚ್ಚು ವ್ಯತ್ಯಾಸವಾಗುವುದಿಲ್ಲ, ಏಕೆಂದರೆ ಅದನ್ನು ಮೊದಲೇ ಕುದಿಸಿ ಇಟ್ಟಿರುತ್ತಾರೆ. ಜನ ಹೆಚ್ಚಿದ್ದಾಗ ಎರಡನೇ ಸಲದ ಮೆಣಸಿನಕಾಯಿಗೆ ಬಹಳ ಕಾಯಬೇಕು. ಕಾಯುವುದನ್ನು ನಾನು ದೊಡ್ಡ ದೋಷವೆಂದು ಎಣಿಸುವುದಿಲ್ಲ, ಆದರೆ ಚಿಕ್ಕ ಮಕ್ಕಳನ್ನು ಕರೆದುಕೊಂಡು ಬಂದವರಿಗೆ ಅದು ತೊಂದರೆಯೇ.

ಹೋಗುವವರಿಗೆ ಬೇಕಾದ ಮಾಹಿತಿ ಇಷ್ಟು. ಅಂಗಡಿ ಸಂಜೆ ನಾಲ್ಕೂವರೆಯ ಹೊತ್ತಿಗೆ ತೆರೆಯುತ್ತದೆ, ತಿಂಡಿ ಮುಗಿದ ಮೇಲೆ ಮುಚ್ಚುತ್ತದೆ. ಎಂಟು ಗಂಟೆಯ ಮೇಲೆ ಹೋದರೆ ಮಂಡಕ್ಕಿ ಮಾತ್ರ ಸಿಗಬಹುದು. ಸೋಮವಾರ ರಜೆ. ಇಬ್ಬರು ಹೊಟ್ಟೆ ತುಂಬ ತಿಂದರೂ ನೂರು ರೂಪಾಯಿ ದಾಟುವುದಿಲ್ಲ, ಫೋನಿನಲ್ಲಿಯೂ ದುಡ್ಡು ಕೊಡಬಹುದು. ಓಣಿಯೊಳಗೆ ಕಾರು ಹೋಗುವುದಿಲ್ಲ, ಮುಖ್ಯ ರಸ್ತೆಯಲ್ಲಿ ನಿಲ್ಲಿಸಿ ನಡೆದು ಬರಬೇಕು. ಮೊದಲ ಸಲ ಹೋಗುವವರು ಒಂದು ನರ್ಗಿಸ್, ಒಂದು ಖಾರ ಮಂಡಕ್ಕಿ, ತಲೆಗೆ ಎರಡು ಮೆಣಸಿನಕಾಯಿ ಹೇಳಿದರೆ ಸಾಕು. ಈರುಳ್ಳಿ ನಿಂಬೆಹೋಳು ಅವರಾಗಿಯೇ ಕೊಡುತ್ತಾರೆ. ನರ್ಗಿಸ್ ಮಂಡಕ್ಕಿಯನ್ನು ಮಾತ್ರ ಯಾರೂ ಪಾರ್ಸೆಲ್ ಕಟ್ಟಿಸಿಕೊಳ್ಳಬೇಡಿ, ಮನೆ ತಲುಪುವಷ್ಟರಲ್ಲಿ ಟೊಮೆಟೊದ ನೀರಿಗೆ ಮೆತ್ತಗಾಗಿರುತ್ತದೆ. ಮನೆಯಲ್ಲಿ ಹೊರಗೆ ಬರಲಾಗದವರು ಇದ್ದರೆ ಖಾರ ಮಂಡಕ್ಕಿಯನ್ನು ಒಯ್ಯಬಹುದು. ಬಿಗಿಯಾದ ಡಬ್ಬಿಯಲ್ಲಿ ಮುಚ್ಚಿಟ್ಟರೆ ಮಳೆಗಾಲದಲ್ಲಿಯೂ ಎರಡು ದಿನ ಗರಿಗರಿಯಾಗಿ ಇರುತ್ತದೆ.